ಕಾಲು ಸುತ್ತು

ಗಾಲ್ವೆಸ್ಟನ್ ಧಕ್ಕೆಯಲ್ಲಿ ಹಡಗಿಗೆ ಗೋಧಿ ತುಂಬುತ್ತಿದ್ದರು.
ಎಂಜಿನ್ ತಣ್ಣಗಾಗಿತ್ತು. ನನಗೆ ಆರು ತಾಸು ಬಿಡುವು.
ನಾನು ಫಿಟ್ಟರ್. ಯಾವ ಊರಿಗೆ ಹೋದರೂ
ಬೋಲ್ಟು ಎಲ್ಲಿದೆ, ಸಂದು ಎಲ್ಲಿದೆ, ತುಕ್ಕು ಎಲ್ಲಿ ಹಿಡಿದಿದೆ
ಎಂದೇ ಕಣ್ಣು ಹೋಗುತ್ತದೆ.

ಕಡಲಿಗೇ ಕಂಬ ಊರಿ ತೊಟ್ಟಿಲು ತಿರುಗಿಸಿದ್ದಾರೆ ಇಲ್ಲಿ.
ಮಕ್ಕಳು ಮೇಲಿಂದ ಕಿರುಚುತ್ತವೆ;
ಕೆಳಗೆ ಕೊಲ್ಲಿಯ ನೀರು, ಹಾಲು ಜಾಸ್ತಿಯಾದ ಚಹಾ.
ಹುರಿದ ಸಿಗಡಿ, ಬಾಡಿಗೆ ಸೈಕಲ್ಲು, ಬಣ್ಣಬಣ್ಣದ ಕೊಡೆ.
ಪೆಲಿಕನ್ನುಗಳು ಸಾಲಾಗಿ ಕೂತಿವೆ
ಬ್ಯಾಂಕು ತೆರೆಯಲೆಂದು ಕಾದ ಪಿಂಚಣಿದಾರರ ಹಾಗೆ.

ಹನ್ನೆರಡು ಡಾಲರ್ ಕೊಟ್ಟು ಏಳು ಮಂದಿ
ಯುಲೇಲಿಯಾ ಪ್ರೊವೋಳ ಹಿಂದೆ ನಡೆದೆವು.
ವಯಸ್ಸು ಎಪ್ಪತ್ತೊಂದು, ಹುಲ್ಲಿನ ಟೋಪಿ,
ಬಿಸಿಲಿಗೆ ಬೈಯುವ ಬಾಯಿ.
ಬೀದಿಯ ನಡುವೆ ನಿಂತು ಕೋಲು ಕುಟ್ಟಿದಳು:
‘ಇದು ನೆಲ ಅಂದುಕೊಂಡಿರಾ?
ನಿಮ್ಮ ಚಪ್ಪಲಿಯ ಕೆಳಗೆ ಎಂಟಡಿ ಮರಳು.
ಅದರಡಿಗೆ ಇನ್ನೊಂದು ಬೀದಿ ಮಲಗಿದೆ.’

ಸಮುದ್ರಸ್ನಾನಕ್ಕೆ ರೈಲು ಹತ್ತಿ ಬರುತ್ತಿದ್ದರಂತೆ ಜನ,
ಮೊಣಕಾಲು ಮುಚ್ಚುವ ಉಣ್ಣೆಯುಡುಪಿನಲ್ಲಿ ನೀರಿಗಿಳಿಯುತ್ತಿದ್ದರಂತೆ.
ಗೋಡೆ ಬೇಕೇ ಎಂದು ಯಾರೋ ಕೇಳಿದರೆ
ಬೇಡ, ನೋಟ ಕೆಡುತ್ತದೆ ಎಂದರಂತೆ.
ಸಾವಿರದ ಒಂಬೈನೂರು, ಸೆಪ್ಟೆಂಬರ್, ಒಂದೇ ರಾತ್ರಿ.
ಸತ್ತವರು ಆರು ಸಾವಿರ ಎನ್ನುವವರುಂಟು, ಎಂಟು ಎನ್ನುವವರುಂಟು.
ಎಣಿಸಬೇಕಾದವರೂ
ಎಣಿಕೆಯೊಳಗೇ ಸೇರಿಹೋಗಿದ್ದರು.

ಆಮೇಲೆ ಗೋಡೆ ಕಟ್ಟಿದರು.
ಗೋಡೆ ಸಾಲದೆಂದು ಊರನ್ನೇ ಎತ್ತಿದರು.
‘ಹೇಗೆ?’ ಎಂದೆ.
‘ಜಾಕಿ ಇಟ್ಟು,’ ಎಂದಳು.
ಕಿಸೆಯೊಳಗೆ ನನ್ನ ಬಲಗೈ ತಾನಾಗಿ ತಿರುಗಿತು.

ಅವಳ ಮುತ್ತಜ್ಜ ಸೈಲಾಸ್ ಒಂದು ಹಿಡಿ ಹಿಡಿದವನು.
ಮನೆಯಡಿಯ ಕತ್ತಲೆಯಲ್ಲಿ ನೂರು ಜನ, ನೂರು ಜಾಕಿ.
ಹೊರಗೆ ಡೋಲಿಗೊಂದು ಪೆಟ್ಟು:
ಕಾಲು ಸುತ್ತು.
ಇನ್ನೊಂದು ಪೆಟ್ಟು: ಕಾಲು ಸುತ್ತು.
ಒಬ್ಬ ಅವಸರಪಟ್ಟರೆ ಗೋಡೆ ಸೀಳುತ್ತದೆ,
ಒಬ್ಬ ಸೋಮಾರಿಯಾದರೂ ಸೀಳುತ್ತದೆ.
ಮೇಲೆ ಒಲೆ ಉರಿಯುತ್ತಿತ್ತು, ಕೂಸು ಮಲಗಿತ್ತು,
ಯಜಮಾನಿ ಕಾಫಿ ಬಗ್ಗಿಸುತ್ತಿದ್ದಳು,
ಮನೆ ಏರುತ್ತಿತ್ತು.

‘ಅಷ್ಟೆಲ್ಲ ಎತ್ತಿದವನ ಮೊಮ್ಮಕ್ಕಳಿಗೆ
ಈ ಕಡಲಲ್ಲಿ ಸಿಕ್ಕಿದ್ದು
ಒಂದು ಬೀದಿಯಗಲ ನೀರು,’ ಎಂದಳು ಯುಲೇಲಿಯಾ.
‘ಆಚೆ ಈಜಿದರೆ ಪೊಲೀಸ್.
ಅಲೆಗೆ ಗೊತ್ತಿರಲಿಲ್ಲ, ಪಾಪ,
ಆಚೆಗೂ ಹೋಗಿ ಬರುತ್ತಿತ್ತು.’
ಯಾರೂ ನಗಲಿಲ್ಲ.
ಒಬ್ಬಾತ ಕ್ಯಾಮೆರಾ ಕೆಳಗಿಳಿಸಿದ.

ಹೂಳೆತ್ತಿ ತುಂಬಿದ ಉಪ್ಪು ಮರಳಿಗೆ
ಇದ್ದಬದ್ದ ಮರವೆಲ್ಲ ಸತ್ತವು.
ಹೆಂಗಸರು ಗುಂಪು ಕಟ್ಟಿಕೊಂಡು ಬಂದು
ಉಪ್ಪಿಗೂ ಹೆದರದ ಗಿಡ ನೆಟ್ಟರು. ಅಗೋ, ಎಂದಳು.
ನೋಡಿದರೆ ಕಣಗಿಲೆ!
ಬೇಲಿಗೆಲ್ಲ ಕಣಗಿಲೆ, ಗುಲಾಬಿ, ಬಿಳಿ, ಹಳದಿ,
ಬಾರಿನ ಬಾಗಿಲಲ್ಲಿ, ಪೆಟ್ರೋಲ್ ಬಂಕಿನಲ್ಲಿ,
ಯಾರೂ ಕೊಯ್ಯದೆ ಬಿದ್ದ ಒಂದು ಬುಟ್ಟಿ ಪೂಜೆ.
‘ಬಾಯಿಗಿಟ್ಟೀರಿ, ವಿಷ,’ ಎಂದಳು.
ಗೊತ್ತು ತಾಯಿ. ನಮ್ಮಲ್ಲಿ ದನವೂ ಮುಟ್ಟುವುದಿಲ್ಲ,
ಅದಕ್ಕೇ ಶಿವನ ತಲೆಗೆ ಏರಿಸುತ್ತೇವೆ;
ವಿಷ ಅವನಿಗೆ ಅಭ್ಯಾಸ.

ಹೇಳಬೇಕೆನಿಸಿತು, ಹೇಳಲಿಲ್ಲ:
ನಮ್ಮ ಹೊನ್ನಾವರದ ಕಡೆಯೂ ಕಡಲು ಒಳಗೆ ಬರುತ್ತದೆ.
ವರ್ಷಕ್ಕೊಮ್ಮೆ ಲಾರಿಯಲ್ಲಿ ಕಲ್ಲು ಬರುತ್ತದೆ,
ವರ್ಷಕ್ಕೊಮ್ಮೆ ಕಲ್ಲು ಕಡಲಿಗೆ ಹೋಗುತ್ತದೆ.
ಬಿಲ್ಲೊಂದೇ ಒದ್ದೆಯಾಗುವುದಿಲ್ಲ.

ಕೊನೆಗೆ ಅವಳ ಮನೆ. ಏಳು ಮೆಟ್ಟಿಲು, ಕಟ್ಟೆಯಲ್ಲಿ ಬೆಕ್ಕು.
‘ವಿಮೆಯವರು ಇನ್ನೂ ನಾಲ್ಕಡಿ ಎತ್ತು ಅಂತಾರೆ.
ಮನೆಗೆ ಜಾಕಿ ಸಿಗುತ್ತೆ,
ನನ್ನ ಮೊಣಕಾಲಿಗೆ?’
ಮೊದಲ ಮೆಟ್ಟಿಲಿಗೆ ಒಂದು ಕಾಲಿಟ್ಟು ನಿಂತಳು,
ಯಾವುದೋ ಪೆಟ್ಟಿಗೆ ಕಾದವಳಂತೆ.
ಆಮೇಲೆ ಇನ್ನೊಂದು ಕಾಲು.

ಧಕ್ಕೆಗೆ ಮರಳಿದಾಗ ಸಂಜೆ.
ಬೆಳಗ್ಗೆ ಕಡಿದಾಗಿದ್ದ ಏಣಿ ಈಗ ಹೆಚ್ಚುಕಡಿಮೆ ಸಮತಟ್ಟು:
ಗೋಧಿಯ ಭಾರಕ್ಕೆ ಹಡಗು
ಸದ್ದಿಲ್ಲದೆ ಆಳಾಳು ನೀರಿಗೆ ಇಳಿದಿತ್ತು.
ಬೂಟು ಕಳಚಿ ಮರಳು ಕೊಡವಿದೆ.
ಮೇಲಿನ ಬೀದಿಯದೋ, ಕೆಳಗಿನದೋ.